ಮಾಗಿಯ ಚಳಿಯಲ್ಲಿ ಬೆದರುವ ತಟ್ಟುಗುದುರೆ: ಕಾರಣ ಮತ್ತು ಆರೈಕೆ

ಮಳೆಗಾಲವು ಹಿಂದೆ ಸರಿದು ದೀಪಾವಳಿ ಸಮೀಪಿಸಿತೆಂದರೆ ಮುಂಬಯಿಯ ಸಂಸಾರವಂದಿಗರ ಮನಸ್ಸು ಮಾಥೇರಾನದತ್ತ ಹರಿಯತೊಡಗುತ್ತದೆ. ಕರ್ಜತ್ ಮಾರ್ಗದ ಲೋಕಲ್ ಗಾಡಿಯಲ್ಲಿ ನೇರಳದವರೆಗೆ ಪಯಣಿಸಿ, ಅಲ್ಲಿಂದ ಘಟ್ಟವೇರಿ ದಸ್ತೂರಿ ನಾಕಾ ಮುಟ್ಟಿದರೆ ಪ್ರವಾಸಿಗರ ಮೋಟಾರು ವಾಹನಗಳ ಹಾದಿ ಅಲ್ಲಿಗೆ ಮುಗಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು ೮೦೦ ಮೀಟರು ಎತ್ತರದಲ್ಲಿರುವ ಈ ಗಿರಿಧಾಮದ ಕೆಮ್ಮಣ್ಣಿನ ದಾರಿಗಳಲ್ಲಿ ಬಹುಕಾಲದಿಂದ ಜನರನ್ನೂ ಸರಕನ್ನೂ ಹೊತ್ತು ತಿರುಗಿರುವುದು ಕುದುರೆ. ೨೦೨೨ರ ಡಿಸೆಂಬರಿನಲ್ಲಿ ಇಲ್ಲಿ ಇ-ರಿಕ್ಷಾಗಳು ಪ್ರಾಯೋಗಿಕವಾಗಿ ಓಡಲಾರಂಭಿಸಿದ ಮೇಲೂ, ಕುದುರೆಯ ಬೆನ್ನೇರಬೇಕೆಂಬ ಮಕ್ಕಳ ಆಸೆ ಮಾತ್ರ ಹಾಗೆಯೇ ಉಳಿದಿದೆ.

ಆದರೆ ಈ ಕುದುರೆಗಳನ್ನು ಸಾಕುವವರಿಗೆ ಚೆನ್ನಾಗಿ ತಿಳಿದ, ಏರುವವರಿಗೆ ಅಷ್ಟಾಗಿ ತಿಳಿಯದ ಸಂಗತಿಯೊಂದಿದೆ. ಮೇ ತಿಂಗಳ ಬಿಸಿಲಿನಲ್ಲಿ ತಲೆ ತಗ್ಗಿಸಿ ಸಾಧುವಾಗಿ ನಡೆಯುವ ತಟ್ಟುಗುದುರೆಯೇ ಡಿಸೆಂಬರಿನ ಮುಂಜಾನೆ ಕಿವಿ ನಿಮಿರಿಸಿ, ಮೂಗಿನ ಹೊಳ್ಳೆಗಳನ್ನರಳಿಸಿ, ಒಣ ಎಲೆಯೊಂದು ಸರಿದರೂ ಪಕ್ಕಕ್ಕೆ ಚಿಮ್ಮುವುದುಂಟು. ಜೀನು ಬಿಗಿಯುವಾಗ ಕಚ್ಚಲು ಬರುವುದು, ಕಾರಣವಿಲ್ಲದೆ ಹಿಂಗಾಲು ಝಾಡಿಸುವುದು, ನಿತ್ಯ ನಡೆದ ದಾರಿಯಲ್ಲೇ ಹೆಜ್ಜೆ ಕೀಳಲೊಲ್ಲದೆ ನಿಲ್ಲುವುದು ಇವೆಲ್ಲ ಈ ಕಾಲದಲ್ಲಿ ಹೆಚ್ಚಾಗುತ್ತವೆ. ಇದನ್ನು ಕೊಬ್ಬು ಎನ್ನುವವರಿದ್ದಾರೆ. ಚಾವಟಿಯೇ ಮದ್ದೆಂದು ನಂಬುವವರೂ ಇದ್ದಾರೆ. ಈ ರೋಗನಿದಾನವೂ ತಪ್ಪು, ಚಿಕಿತ್ಸೆಯೂ ತಪ್ಪು. ಚಳಿಗಾಲದ ಬೆದರಿಕೆಯ ಹಿಂದೆ ಮೇವು, ದುಡಿಮೆ, ಹವೆ ಮತ್ತು ನೋವು ಎಂಬ ನಾಲ್ಕು ಕಾರಣಗಳಿರುತ್ತವೆ. ಅವುಗಳನ್ನು ಸರಿಪಡಿಸಿದರೆ ಪ್ರಾಣಿಯ ನಡತೆ ಬಹುಮಟ್ಟಿಗೆ ತಾನಾಗಿಯೇ ಸರಿಹೋಗುತ್ತದೆ.

ಹುರುಳಿಯ ಲೆಕ್ಕ

ಮುಂಬಯಿಯ ಚಳಿಯನ್ನು ಚಳಿಯೆಂದು ಕರೆಯಲು ಉತ್ತರದವರು ನಕ್ಕಾರು. ಸಾಂತಾಕ್ರೂಜ್‌ನಲ್ಲಿ ಜನವರಿಯ ಕನಿಷ್ಠ ಉಷ್ಣತೆ ಸಾಮಾನ್ಯವಾಗಿ ೧೬-೧೭ ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ಆರೋಗ್ಯವಂತ ಕುದುರೆಯಾದರೋ ೫ರಿಂದ ೨೫ ಡಿಗ್ರಿಗಳ ನಡುವಿನ ಹವೆಯಲ್ಲಿ ಹೆಚ್ಚಿನ ಪ್ರಯಾಸವಿಲ್ಲದೆ ತನ್ನ ಮೈಶಾಖವನ್ನು ಕಾಯ್ದುಕೊಳ್ಳಬಲ್ಲದು. ಅಂದಮೇಲೆ ನಮ್ಮ ಚಳಿ ಅದಕ್ಕೆ ಪೀಡೆಯಲ್ಲ, ಹಿತ. ಬೇಸಗೆಯ ಸೆಕೆಯಲ್ಲಿ ಬಳಲಿ ಮಂಕಾಗಿದ್ದ ಪ್ರಾಣಿಗೆ ತಂಪುಗಾಳಿ ಸೋಕಿದೊಡನೆ ಚೈತನ್ಯ ಮರಳುತ್ತದೆ.

ಈ ಚೈತನ್ಯಕ್ಕೆ ದುಡಿಮೆಯ ದಾರಿ ಸಿಗದಿದ್ದಾಗಲೇ ತೊಡಕು. ಘಟ್ಟದ ಭಾರೀ ಮಳೆಯ ತಿಂಗಳುಗಳಲ್ಲಿ ಸವಾರಿಯ ಕೆಲಸ ಕುಗ್ಗುತ್ತದೆ. ಕುದುರೆ ಲಾಯದಲ್ಲೇ ನಿಂತಿರುತ್ತದೆ. ಬಳಿಕ ಪ್ರವಾಸಿಗರು ಬರಲಾರಂಭಿಸಿದರೂ ಶನಿವಾರ-ಭಾನುವಾರಗಳಲ್ಲಿ ದಿನವಿಡೀ ದುಡಿತ, ವಾರದ ನಡುವೆ ಬಹುಪಾಲು ಬಿಡುವು. ಆ ಬಿಡುವಿನ ದಿನಗಳಲ್ಲೂ, ‘ಚಳಿಗೆ ಬಲ ಬೇಕು’ ಎಂದು ಹುರುಳಿ, ಕಡಲೆ, ಜೋಳಗಳನ್ನು ಪೂರ್ಣ ಪ್ರಮಾಣದಲ್ಲಿ ಹಾಕಿದರೆ, ಆ ಶಕ್ತಿ ಹೊರಬೀಳುವುದು ಒದೆತ-ನೆಗೆತಗಳ ರೂಪದಲ್ಲಿ.

ಅಪಾಯ ಅಷ್ಟಕ್ಕೇ ನಿಲ್ಲುವುದಿಲ್ಲ. ವಿಶ್ರಾಂತಿಯ ದಿನಗಳಲ್ಲಿ ತುಂಬು ಕಾಳು ತಿಂದ ಕುದುರೆಯನ್ನು ಥಟ್ಟನೆ ದುಡಿಮೆಗೆ ಹಚ್ಚಿದರೆ ತೊಡೆ ಮತ್ತು ಸೊಂಟದ ಸ್ನಾಯುಗಳು ಮರಗಟ್ಟಿ, ಅದು ಬೆವರುತ್ತ ನಿಂತಲ್ಲೇ ನಿಲ್ಲಬಹುದು. ಮೂತ್ರ ಕಂದುಬಣ್ಣಕ್ಕೆ ತಿರುಗಬಹುದು. ಭಾನುವಾರ ವಿಶ್ರಮಿಸಿ ಸೋಮವಾರ ಗಾಡಿಗೆ ಹೂಡಿದ ಕುದುರೆಗಳಲ್ಲಿ ಕಾಣುತ್ತಿದ್ದುದರಿಂದ ಪಾಶ್ಚಾತ್ಯರು ಇದನ್ನು ‘ಸೋಮವಾರ ಬೆಳಗಿನ ರೋಗ’ ಎಂದೇ ಕರೆದರು. ಗಿರಿಧಾಮಗಳಲ್ಲಿ ಇದಕ್ಕೆ ಶನಿವಾರವೇ ಸೋಮವಾರ. ಮುಂದಕ್ಕೆ ನಡೆಯಲೊಲ್ಲದ ಇಂತಹ ಕುದುರೆಯನ್ನು ಹಟಮಾರಿಯೆಂದು ಹೊಡೆದು ನಡೆಸುವುದು ಅತ್ಯಂತ ಘೋರ ತಪ್ಪು. ಅದನ್ನು ಅಲ್ಲಿಯೇ ನಿಲ್ಲಿಸಿ ಪಶುವೈದ್ಯರನ್ನು ಕರೆಯಿಸಬೇಕು.

ಆದುದರಿಂದ ನಿಯಮವಿಷ್ಟೆ: ಕಾಳು ದುಡಿಮೆಗೆ ತಕ್ಕಷ್ಟು, ಹುಲ್ಲು ಸದಾಕಾಲ. ಬಿಡುವಿನ ದಿನದ ಹಿಂದಿನ ರಾತ್ರಿಯಿಂದಲೇ ಕಾಳನ್ನು ಅರ್ಧಕ್ಕಿಳಿಸಬೇಕು. ಯಾವ ಬದಲಾವಣೆಯನ್ನೂ ಕ್ರಮಕ್ರಮವಾಗಿ ಮಾಡಬೇಕು. ಒಣಹುಲ್ಲು ದಿನವೊಂದಕ್ಕೆ ಮೈತೂಕದ ನೂರಕ್ಕೆ ಒಂದೂವರೆ ಪಾಲಿಗಿಂತ ಕಡಿಮೆಯಾಗಬಾರದು. ೨೦೦ ಕಿಲೋ ತೂಗುವ ತಟ್ಟುವಿಗೆ ಕನಿಷ್ಠ ೩ ಕಿಲೋ. ಹುಲ್ಲು ದೊಡ್ಡ ಕರುಳಿನಲ್ಲಿ ಹುದುಗಿ ಜೀರ್ಣವಾಗುವಾಗ ಹೊಟ್ಟೆಯೊಳಗೇ ಶಾಖ ಹುಟ್ಟುತ್ತದೆ. ಚಳಿಗೆ ಬಲ ಕೊಡುವುದು ಕಾಳಿಗಿಂತ ಹುಲ್ಲೇ ಎಂಬುದನ್ನು ಮರೆಯಬಾರದು. ತಣ್ಣೀರನ್ನು ಕುದುರೆ ಕಡಿಮೆ ಕುಡಿಯುವ ಸಂಭವವುಂಟು. ಒಣಮೇವು ಹೆಚ್ಚಿ ನೀರು ಕಡಿಮೆಯಾದರೆ ಮಲ ಕಟ್ಟಿ ಹೊಟ್ಟೆಶೂಲೆ ಬರುತ್ತದೆ. ಮುಂಜಾನೆ ಉಗುರುಬೆಚ್ಚನೆಯ ನೀರನ್ನಿಟ್ಟು, ಜೊತೆಗೆ ಉಪ್ಪಿನ ಗಡ್ಡೆ ಕಟ್ಟಿದರೆ ಈ ಭಯ ಬಹಳಷ್ಟು ದೂರವಾಗುತ್ತದೆ.

ಮಹಾಲಕ್ಷ್ಮಿಯ ಪಂದ್ಯದ ಮೈದಾನವು ಇದಕ್ಕೆ ಉತ್ತಮ ನಿದರ್ಶನ. ೧೮೮೩ರಲ್ಲಿ ಆರಂಭವಾದ ಈ ಮೈದಾನದಲ್ಲಿ ಪಂದ್ಯದ ಋತು ಚಳಿಗಾಲವೇ. ಇಂಡಿಯನ್ ಡರ್ಬಿ ನಡೆಯುವುದು ಫೆಬ್ರವರಿಯಲ್ಲಿ. ಅಲ್ಲಿನ ಕುದುರೆಗಳು ತಟ್ಟುಗಳಿಗಿಂತ ಎಷ್ಟೋ ಪಾಲು ಕಾವಿನ ಜಾತಿಯವು. ತಿನ್ನುವ ಕಾಳೂ ಹೆಚ್ಚು. ಆದರೂ ಅವನ್ನು ನಿಭಾಯಿಸಲು ಸಾಧ್ಯವಾಗುವುದು ನಸುಕಿನ ವ್ಯಾಯಾಮ ನಿತ್ಯನೇಮದಂತೆ ನಡೆಯುವುದರಿಂದ.

ಕಣ್ಣು, ಕಿವಿ ಮತ್ತು ಗಾಳಿ

ಕುದುರೆ ಮೂಲತಃ ಹುಲಿ-ತೋಳಗಳಿಗೆ ಆಹಾರವಾಗುತ್ತಿದ್ದ ಜೀವಿ. ಅನುಮಾನ ಬಂದೊಡನೆ ಮೊದಲು ಓಡುವುದು, ಅನಂತರ ತಿರುಗಿ ನೋಡುವುದು ಅದರ ವಂಶಧರ್ಮ. ತಲೆಯ ಪಕ್ಕಗಳಲ್ಲಿರುವ ಕಣ್ಣುಗಳಿಂದ ಅದು ಬಹುತೇಕ ಸುತ್ತಲನ್ನೆಲ್ಲ ಕಾಣಬಲ್ಲದು; ಹಣೆಯ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ ಮಾತ್ರ ಕುರುಡು. ಬೆಳಕಿನಿಂದ ಕತ್ತಲೆಗೆ ಹೊಂದಿಕೊಳ್ಳಲು ಆ ಕಣ್ಣಿಗೆ ಮನುಷ್ಯನ ಕಣ್ಣಿಗಿಂತ ಹೆಚ್ಚು ಹೊತ್ತು ಬೇಕು. ಚಳಿಗಾಲದ ಸೂರ್ಯ ತಗ್ಗಿನಲ್ಲಿ ಚಲಿಸುವುದರಿಂದ ನೆರಳುಗಳು ನೀಳವಾಗಿ ದಾರಿಗಡ್ಡ ಬೀಳುತ್ತವೆ. ಬಯಲಿನಿಂದ ದಟ್ಟ ಮರಗಳ ಕೆಳಗೆ ಹೊಕ್ಕಾಗ ಅದಕ್ಕೆ ದಾರಿಯೇ ಹೊಂಡದಂತೆ ಕಾಣಬಹುದು. ಅಲ್ಲಿ ಅವಸರಿಸದೆ ಎರಡು ಕ್ಷಣ ನಿಲ್ಲಿಸಿದರೆ ಸಾಕು.

ಗಾಳಿ ಬೀಸಿದಾಗ ವಾಸನೆ ಬೆರೆಯುತ್ತದೆ, ಸದ್ದಿನ ದಿಕ್ಕು ತಪ್ಪುತ್ತದೆ, ಎಲೆಗಳೂ ಪ್ಲಾಸ್ಟಿಕ್ ಚೀಲಗಳೂ ಜೀವ ಬಂದಂತೆ ಹಾರಾಡುತ್ತವೆ. ಮಾಥೇರಾನದ ಮಂಗಗಳು ಕೊಂಬೆಯಿಂದ ಧುಮುಕುವುದೂ ಉಂಟು. ಇದರೊಡನೆ ನಮ್ಮ ಹಬ್ಬಗಳ ಸಾಲೂ ಸೇರುತ್ತದೆ: ದೀಪಾವಳಿಯ ಪಟಾಕಿ, ಮದುವೆಯ ಬ್ಯಾಂಡು, ವರ್ಷಾಂತ್ಯದ ಜನಜಂಗುಳಿ, ಸಂಕ್ರಾಂತಿಯ ಗಾಳಿಪಟ. ಮನುಷ್ಯನಿಗೆ ಸಂಭ್ರಮವಾದುದು ಕುದುರೆಗೆ ಗಂಡಾಂತರವಾಗಿ ತೋರುತ್ತದೆ. ಪಟಾಕಿಯ ರಾತ್ರಿಗಳಲ್ಲಿ ಅದನ್ನು ಒಂಟಿಯಾಗಿ ಕಟ್ಟದೆ ಜೊತೆಗಾರ ಕುದುರೆಯೊಡನೆ ಲಾಯದಲ್ಲಿರಿಸಿ, ಮುಂದೆ ಹುಲ್ಲು ಹರಡಿ, ಪರಿಚಿತ ಆಳೊಬ್ಬನು ಬಳಿಯಲ್ಲಿರುವುದು ಲೇಸು.

ಮೊದಲು ನೋವನ್ನು ಹುಡುಕಬೇಕು

ಮಾತು ಬಾರದ ಪ್ರಾಣಿಗೆ ನಡತೆಯೇ ಭಾಷೆ. ಜೀನು ಹೊರಿಸುವಾಗ ಮಾತ್ರ ಕಚ್ಚಲು ಬರುವ ಕುದುರೆಯ ಬೆನ್ನಿನಲ್ಲಿ ಹುಣ್ಣಿರಬಹುದು. ಮಳೆಗಾಲದ ಬಿಡುವಿನಲ್ಲಿ ಮೈ ತುಂಬಿಕೊಂಡುದರಿಂದ ಹಳೆಯ ಜೀನು ಈಗ ಒತ್ತುತ್ತಿರಬಹುದು. ಕಡಿವಾಣ ಹಿಡಿದೊಡನೆ ತಲೆ ಕೊಡಹುವುದಾದರೆ ದವಡೆಹಲ್ಲುಗಳ ಅಂಚು ಹರಿತಗೊಂಡು ಕೆನ್ನೆಯನ್ನು ಕೊಯ್ಯುತ್ತಿರಬಹುದು. ವರ್ಷಕ್ಕೊಮ್ಮೆಯಾದರೂ ಹಲ್ಲು ತೋರಿಸಿ ಅರದಿಂದ ಉಜ್ಜಿಸುವುದು ಅವಶ್ಯ. ಒಂದೇ ಮಗ್ಗುಲಿನ ವಸ್ತುಗಳಿಗೆ ಬೆದರುವುದಾದರೆ ಆ ಬದಿಯ ಕಣ್ಣನ್ನು ಪರೀಕ್ಷಿಸಬೇಕು. ಗೊರಸನ್ನು ೬ರಿಂದ ೮ ವಾರಗಳಿಗೊಮ್ಮೆ ಕತ್ತರಿಸಿ ಲಾಳ ಸರಿಪಡಿಸಬೇಕು.

ವಿಶ್ರಾಂತಿಯಲ್ಲಿರುವ ಕುದುರೆಯ ಮೈಶಾಖ ೩೭.೫ರಿಂದ ೩೮.೫ ಡಿಗ್ರಿ ಸೆಲ್ಸಿಯಸ್. ದವಡೆಯ ಕೆಳಗೆ ಬೆರಳಿಟ್ಟು ಎಣಿಸಿದರೆ ನಾಡಿ ನಿಮಿಷಕ್ಕೆ ೨೮ರಿಂದ ೪೪. ತಟ್ಟುಗಳಲ್ಲಿ ತುಸು ಹೆಚ್ಚಿರಬಹುದು. ಇದನ್ನು ಮೀರಿದ ಏರುಪೇರು ಕಂಡಾಗ ಹಟದ ಮಾತೇ ಸಲ್ಲದು. ಮುಂಬಯಿಯ ಪುಣ್ಯವೆಂದರೆ ಇಲ್ಲಿ ಪಶುವೈದ್ಯದ ಪರಂಪರೆ ಹಳೆಯದು. ಪರೇಲಿನಲ್ಲಿ ಬಾಯಿ ಸಕರಬಾಯಿ ದಿನಶಾ ಪೆಟಿಟ್ ಅವರ ಹೆಸರಿನ ಪಶು ಆಸ್ಪತ್ರೆಯಿದೆ. ಮುಂಬಯಿ ಪಶುವೈದ್ಯ ಕಾಲೇಜು ೧೮೮೬ರಲ್ಲಿಯೇ ಪ್ರಾರಂಭವಾಯಿತು. ಕನ್ನಡ ನಾಡಿಗೂ ಈ ವಿದ್ಯೆ ಹೊಸದಲ್ಲ: ಕೀರ್ತಿವರ್ಮನ ‘ಗೋವೈದ್ಯ’ದಂತೆ ಅಭಿನವಚಂದ್ರನ ‘ಅಶ್ವವೈದ್ಯ’ವೂ ನಮ್ಮ ಭಾಷೆಯಲ್ಲಿ ಶತಮಾನಗಳ ಹಿಂದೆ ರಚಿತವಾದ ಶಾಸ್ತ್ರಗ್ರಂಥವೇ ಆಗಿದೆ.

ಪಳಗಿಸುವ ಬಗೆ

ಮೇವನ್ನು ಹದಗೊಳಿಸಿ, ನೋವಿಲ್ಲವೆಂದು ಖಚಿತಪಡಿಸಿಕೊಂಡ ಬಳಿಕವಷ್ಟೇ ಶಿಕ್ಷಣದ ಸರದಿ. ಬಿಡುವಿನ ದಿನಗಳಲ್ಲೂ ಬೆಳಿಗ್ಗೆ ಅರ್ಧ ಗಂಟೆಯಾದರೂ ಹಗ್ಗ ಹಿಡಿದು ನಡೆಸಬೇಕು. ಸವಾರಿಯ ಮೊದಲು ಹತ್ತು-ಹದಿನೈದು ನಿಮಿಷ ಬರಿದೆ ನಡೆಸಿದರೆ ಬಿಗಿದ ಸ್ನಾಯುಗಳು ಸಡಿಲಗೊಳ್ಳುತ್ತವೆ. ಉಕ್ಕುವ ಹುರುಪೂ ಇಳಿಯುತ್ತದೆ. ದುಡಿಮೆಯ ನಂತರ ಬೆವರಿದ ಮೈಯನ್ನು ಒಣಗಿಸದೆ ಗಾಳಿಯಲ್ಲಿ ಕಟ್ಟಬಾರದು. ಗೋಣಿಯಿಂದಾಗಲಿ ಹುಲ್ಲಿನ ಸಿಂಬೆಯಿಂದಾಗಲಿ ಚೆನ್ನಾಗಿ ಉಜ್ಜಬೇಕು.

ಬೆದರಿದ ವಸ್ತುವಿನೆಡೆಗೆ ಹೊಡೆದು ನೂಕುವುದು ಎಂದೂ ಸಲ್ಲದು. ಹಾಗೆ ಮಾಡಿದರೆ ಆ ವಸ್ತುವೇ ಪೆಟ್ಟು ಕೊಟ್ಟಿತೆಂದು ಕುದುರೆ ತಿಳಿಯುತ್ತದೆ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಗ್ರೀಕ್ ಸೇನಾನಿ ಕ್ಸೆನೊಫನ್ ತನ್ನ ಅಶ್ವಗ್ರಂಥದಲ್ಲಿ ಈ ಎಚ್ಚರಿಕೆಯನ್ನು ಆಗಲೇ ನೀಡಿದ್ದಾನೆ. ದೂರದಿಂದ ತೋರಿಸುವುದು, ನಿಂತು ನೋಡಲು ಬಿಡುವುದು, ಒಂದು ಹೆಜ್ಜೆ ಮುಂದಿಟ್ಟರೆ ಹಿಂದಕ್ಕೆ ಕರೆದು ಮೈದಡವುವುದು, ಮತ್ತೆ ಸಮೀಪಿಸುವುದು ಸರಿಯಾದ ಕ್ರಮ. ಶಾಂತಸ್ವಭಾವದ ಹಳೆಯ ಕುದುರೆಯನ್ನು ಮುಂದೆ ನಡೆಸಿದರೆ ಎಳೆಯದು ಅದನ್ನು ನೋಡಿ ಧೈರ್ಯ ತಾಳುತ್ತದೆ. ಕತ್ತಿನ ಬುಡದಲ್ಲಿ, ಕುದುರೆಗಳು ಪರಸ್ಪರ ಹಲ್ಲಾಡಿಸಿ ಮುದ್ದಿಸುವ ಜಾಗದಲ್ಲಿ, ಮೆಲ್ಲನೆ ಕೆರೆದರೆ ಹೃದಯದ ಬಡಿತ ಇಳಿಯುವುದೆಂದು ಫ್ರಾನ್ಸಿನ ಕಮಾರ್ಗ್ ಕುದುರೆಗಳ ಮೇಲೆ ನಡೆಸಿದ, ೧೯೯೩ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ.

ನಡೆಸುವವನ ಮನಸ್ಸೂ ಕುದುರೆಗೆ ತಲುಪುತ್ತದೆ. ಸ್ವೀಡನ್ನಿನ ವಿಜ್ಞಾನಿಗಳು ೨೦೦೯ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಮುಂದಿನ ಸುತ್ತಿನಲ್ಲಿ ಕುದುರೆಯ ಬಳಿ ಕೊಡೆಯೊಂದನ್ನು ಬಿಚ್ಚಲಾಗುವುದೆಂದು ಸವಾರರಿಗೆ ಹೇಳಲಾಯಿತು. ಕೊಡೆಯನ್ನು ಬಿಚ್ಚಲೇ ಇಲ್ಲ. ಆದರೂ ಸವಾರರ ಹೃದಯದ ಬಡಿತದೊಡನೆ ಕುದುರೆಗಳ ಬಡಿತವೂ ಏರಿತು. ಕುದುರೆಯ ಭಯವನ್ನು ಬಿಡಿಸಬಯಸುವವನು ತನ್ನ ಭಯವನ್ನೂ ಕೋಪವನ್ನೂ ಮೊದಲು ಹಿಡಿತದಲ್ಲಿರಿಸಿಕೊಳ್ಳಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ಸವಾರಿಗೆ ಹೋಗುವ ಕುಟುಂಬಗಳಿಗೆ

‘ಕುದುರೆ ಕಂಡರೆ ಕಾಲುನೋವು’ ಎಂಬ ಗಾದೆ ನಮ್ಮಲ್ಲಿದೆ. ರಜೆಯಲ್ಲಿ ಮಕ್ಕಳಿಗೆ ಈ ಕಾಲುನೋವು ಬರುವುದು ಸಹಜ. ಆದರೆ ತಾಯಿತಂದೆಯರು ಬಾಡಿಗೆ ಚೌಕಾಸಿ ಮಾಡುವ ಮುನ್ನ ಕುದುರೆಯನ್ನೊಮ್ಮೆ ನೋಡಬೇಕು. ಕಿವಿಗಳನ್ನು ಹಿಂದಕ್ಕೆ ಅಂಟಿಸಿಕೊಂಡಿರುವ, ಕಣ್ಣಿನ ಬಿಳಿ ಕಾಣುವಂತೆ ದಿಟ್ಟಿಸುವ, ಬಾಲ ಝಾಡಿಸುವ, ಕುಂಟುವ ಅಥವಾ ಜೀನಿನಡಿಯಲ್ಲಿ ಹುಣ್ಣಿರುವ ಕುದುರೆಯ ಮೇಲೆ ಮಗುವನ್ನು ಕೂರಿಸಬಾರದು. ತಲೆಗೆ ಗಟ್ಟಿ ಶಿರಸ್ತ್ರಾಣ, ಕಾಲಿಗೆ ಹಿಮ್ಮಡಿಯಿರುವ ಬೂಟು ಇರಲಿ. ಚಪ್ಪಲಿ ತೊಟ್ಟ ಪಾದ ರಿಕಾಪಿನಲ್ಲಿ ಸಿಕ್ಕಿಕೊಂಡರೆ ಬಿದ್ದವರನ್ನು ಕುದುರೆ ಎಳೆದೊಯ್ದೀತು. ಕುದುರೆಯವನು ಹಗ್ಗ ಹಿಡಿದು ಪಕ್ಕದಲ್ಲೇ ನಡೆಯಬೇಕು, ಓಡಿಸಲು ಒತ್ತಾಯಿಸಬಾರದು. ಸಮೀಪಿಸುವಾಗ ಹಿಂದಿನಿಂದ ಹೋಗದೆ, ಭುಜದ ಕಡೆಯಿಂದ ಮಾತನಾಡುತ್ತ ಹೋಗಬೇಕು. ಪ್ರಾಣಿ ಬೆದರಿದರೆ ಕಿರುಚದೆ, ಹಿಂದಕ್ಕೆ ಒರಗಿ ಜೀನಿನ ಮುಂಭಾಗವನ್ನು ಬಿಗಿಯಾಗಿ ಹಿಡಿಯುವಂತೆ ಮಗುವಿಗೆ ಮೊದಲೇ ಹೇಳಿಕೊಟ್ಟಿರಬೇಕು.

ಬಿದ್ದವರು ಪ್ರಜ್ಞೆ ತಪ್ಪಿದರೆ, ವಾಂತಿ ಮಾಡಿದರೆ, ತೂಕಡಿಸಿದರೆ ಅಥವಾ ತಲೆನೋವೆಂದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಕತ್ತಿನಲ್ಲಿ ನೋವಿದ್ದರೆ ಅಲುಗಾಡಿಸದೆ ನೆರವು ಬರುವವರೆಗೆ ಕಾಯಬೇಕು. ಸಣ್ಣ ತರಚುಗಾಯವನ್ನೂ ಕಡೆಗಣಿಸಲಾಗದು. ಧನುರ್ವಾಯುವಿನ ಕ್ರಿಮಿ ಮಣ್ಣಿನಲ್ಲಿಯೂ ಕುದುರೆಯ ಲದ್ದಿಯಲ್ಲಿಯೂ ಬಹುಕಾಲ ಬದುಕಿರುತ್ತದೆ. ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ ತೊಳೆದು ವೈದ್ಯರಿಗೆ ತೋರಿಸಬೇಕು. ಕೊಳಕು ಗಾಯವಾಗಿದ್ದು ಹಿಂದಿನ ಲಸಿಕೆ ಪಡೆದು ೫ ವರ್ಷ ಮೀರಿದ್ದರೆ ಮತ್ತೊಂದು ಚುಚ್ಚುಮದ್ದು ಬೇಕಾಗುತ್ತದೆ. ಧನುರ್ವಾಯು ಕುದುರೆಯನ್ನೂ ಬಿಡುವುದಿಲ್ಲವಾದ್ದರಿಂದ ಅದಕ್ಕೂ ಕ್ರಮವಾಗಿ ಲಸಿಕೆ ಹಾಕಿಸಬೇಕು.

ವಿನೋದದ ಸವಾರಿಗೆಂದು ಕುದುರೆಗಾಡಿಗಳನ್ನು ಬಳಸುವುದು ಸಲ್ಲದೆಂದು ಮುಂಬಯಿ ಉಚ್ಚ ನ್ಯಾಯಾಲಯವು ೨೦೧೫ರಲ್ಲಿ ತೀರ್ಪಿತ್ತ ಬಳಿಕ ನಗರದ ಬೀದಿಗಳಿಂದ ವಿಕ್ಟೋರಿಯಾಗಳು ಮರೆಯಾದವು. ಪ್ರಾಣಿಯ ನೋವನ್ನು ಸಮಾಜ ಇನ್ನು ಸಹಿಸದೆಂಬುದಕ್ಕೆ ಅದೊಂದು ಸೂಚನೆ. ಬೆಟ್ಟದ ಮೇಲೆ ಕುದುರೆಯನ್ನೇ ನೆಚ್ಚಿ ಬದುಕುವ ಮನೆಗಳಿಗೆ ಆ ಪ್ರಾಣಿಯ ಆರೋಗ್ಯವೇ ಬಂಡವಾಳ. ಅದರ ಬೆನ್ನೇರುವ ಮಗುವಿಗೆ ಅದರ ಶಾಂತಿಯೇ ರಕ್ಷೆ. ಹೀಗಿರುವಾಗ ಚಳಿಗಾಲದಲ್ಲಿ ಕುದುರೆಯೊಂದು ಬೆದರಿದರೆ ಕೈ ಚಾವಟಿಯತ್ತ ಹೋಗದಿರಲಿ. ನಿನ್ನೆ ಅದು ಎಷ್ಟು ತಿಂದಿತು, ಎಷ್ಟು ನಡೆಯಿತು, ಎಲ್ಲಿ ನೋಯುತ್ತಿದೆ ಎಂಬ ಮೂರು ಪ್ರಶ್ನೆಗಳನ್ನು ಮೊದಲು ಕೇಳಿಕೊಳ್ಳುವುದೇ ವಿವೇಕ.