ಕುಡಿತ ಬಿಟ್ಟ ಮೂರನೆಯ ದಿನ

ನವೆಂಬರ್ ಮಧ್ಯದ ಹೊತ್ತಿಗೆ ನಮ್ಮ ಊರುಗಳಲ್ಲಿ ಎಷ್ಟೋ ಜನ ಅಯ್ಯಪ್ಪನ ಮಾಲೆ ಹಾಕುತ್ತಾರೆ. ಮಾಲೆ ಹಾಕಿದ ದಿನದಿಂದ ಕುಡಿತ ಬಂದ್. ಶ್ರಾವಣಕ್ಕೂ ಹೀಗೆ ಬಿಡುವವರಿದ್ದಾರೆ. ಅಪರೂಪಕ್ಕೆ ಕುಡಿಯುವವರಿಗೆ ಇದರಿಂದ ತೊಂದರೆಯೇನೂ ಇಲ್ಲ. ಆದರೆ ವರ್ಷಗಟ್ಟಲೆ ದಿನವೂ ಒಂದೆರಡು ಕ್ವಾರ್ಟರ್ ಕುಡಿದವರು, ಬೆಳಗ್ಗೆ ಎದ್ದ ಕೂಡಲೇ ಕೈ ನಡುಗುವವರು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಕುತ್ತು ಬರಬಹುದು. "ಕುಡಿದರೆ ಸಾಯ್ತಾನೆ ಅಂತೀರಿ, ಬಿಟ್ಟರೂ ಸಾಯ್ತಾನಾ?" ಎಂದು ನೀವು ಕೇಳಬಹುದು. ಚಿಕಿತ್ಸೆಯಿಲ್ಲದೆ ಬಿಟ್ಟರೆ ಸಾಯುವ ಸಾಧ್ಯತೆ ನಿಜಕ್ಕೂ ಇದೆ. ಚಿಕಿತ್ಸೆಯೂ ಇದೆ, ಅದು ದುಬಾರಿಯೇನಲ್ಲ. ಹಾಗಾಗಿ ಬಿಡಬೇಡಿ ಎಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ಬಿಡಿ, ಆದರೆ ಮೊದಲ ವಾರ ವೈದ್ಯರ ಕೈಯಲ್ಲಿರಿ.

ಕುಡಿತ ನಿಂತ ಮೇಲೆ ದೇಹದಲ್ಲಿ ಏಳುವ ತೊಂದರೆಗಳಿಗೆ ವೈದ್ಯರು ವಿತ್‌ಡ್ರಾಯಲ್ ಎನ್ನುತ್ತಾರೆ. ಇದು ಯಾಕಾಗುತ್ತದೆ?

ನಮ್ಮ ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕ ನರಗಳನ್ನು ಶಾಂತವಾಗಿಡುತ್ತದೆ. ಗ್ಲುಟಮೇಟ್ ಎಂಬ ಇನ್ನೊಂದು ಅವನ್ನು ಎಚ್ಚರದಲ್ಲಿಡುತ್ತದೆ. ಹಗ್ಗಜಗ್ಗಾಟದ ಹಾಗೆ ಎರಡೂ ಕಡೆ ಸಮಬಲವಿದ್ದರೆ ಮನುಷ್ಯ ನೆಟ್ಟಗಿರುತ್ತಾನೆ. ಮದ್ಯ ಒಳಗೆ ಹೋದಾಗ ಗಾಬಾದ ಕಡೆ ಸೇರಿ ಎಳೆಯುತ್ತದೆ. ದಿನವೂ ಹೀಗಾದರೆ ಮಿದುಳು ಸುಮ್ಮನಿರುವುದಿಲ್ಲ. ಗಾಬಾದ ಪ್ರಭಾವವನ್ನು ತಗ್ಗಿಸಿ ಗ್ಲುಟಮೇಟ್‌ನ ಬಲ ಹೆಚ್ಚಿಸಿಕೊಳ್ಳುತ್ತದೆ. ಆಗ ಕುಡಿದರೇನೇ ಸಮತೋಲ. ಒಂದು ದಿನ ಮದ್ಯ ಹಗ್ಗ ಬಿಟ್ಟಿತೆನ್ನಿ, ಗ್ಲುಟಮೇಟ್‌ನ ಎಳೆತಕ್ಕೆ ತಡೆಯೇ ಇರುವುದಿಲ್ಲ. ನಡುಕ, ಬೆವರು, ಎದೆ ಹೊಡೆತ, ನಿದ್ದೆಗೇಡು, ಫಿಟ್ಸ್ ಎಲ್ಲವೂ ಅಲ್ಲಿಂದಲೇ ಬರುವುದು. ಮನಸ್ಸು ಗಟ್ಟಿಯಿಲ್ಲ ಎಂದು ಬೈಯುವವರು ಇದನ್ನು ತಿಳಿದಿರಬೇಕು. ಎಷ್ಟೇ ಗಟ್ಟಿ ಮನಸ್ಸಿದ್ದರೂ ಗ್ಲುಟಮೇಟ್ ಮಾತು ಕೇಳುವುದಿಲ್ಲ.

ಬೆಳಗಿನ ನಡುಕದ ಲೆಕ್ಕ ನೋಡಿ. 180 ಎಂಎಲ್‌ನ ಒಂದು ಕ್ವಾರ್ಟರ್ ವಿಸ್ಕಿ ಅಥವಾ ರಮ್ಮಿನಲ್ಲಿ ಸುಮಾರು 60 ಗ್ರಾಂ ಮದ್ಯಸಾರ ಇರುತ್ತದೆ. ಲಿವರ್ ಗಂಟೆಗೆ ಹೆಚ್ಚುಕಡಿಮೆ ಏಳೆಂಟು ಗ್ರಾಂ ಕರಗಿಸುತ್ತದೆ. ರಾತ್ರಿ ಒಂಬತ್ತಕ್ಕೆ ಕುಡಿದದ್ದು ಬೆಳಗಿನ ಜಾವ ಐದರ ಹೊತ್ತಿಗೆ ಖಾಲಿ. ಕಾಫಿ ಲೋಟ ಹಿಡಿದ ಕೈ ನಡುಗುವುದು ಅದಕ್ಕೇ. ಒಂದು 90 ಎಂಎಲ್ ಪ್ಯಾಕೆಟ್ ಒಳಗಿಳಿದ ಕೂಡಲೇ ನಡುಕ ನಿಲ್ಲುವುದೂ ಅದಕ್ಕೇ.

ಪೂರ್ತಿ ನಿಲ್ಲಿಸಿದರೆ ತೊಂದರೆಗಳು ಸಾಮಾನ್ಯವಾಗಿ ಒಂದು ಕ್ರಮದಲ್ಲಿ ಬರುತ್ತವೆ. ಆರೆಂಟು ಗಂಟೆಗೆ ನಡುಕ, ವಾಕರಿಕೆ, ಚಡಪಡಿಕೆ. ಮೊದಲ 48 ಗಂಟೆಗಳೊಳಗೆ ಕೆಲವರಿಗೆ ಫಿಟ್ಸ್. ಅದೂ ದಾಟಿದರೆ ಗೆದ್ದೆವು ಎಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ನಿಜವಾದ ಅಪಾಯ ಬರುವುದು ಆಮೇಲೆ, ಮೂರನೆಯ ದಿನದ ಆಸುಪಾಸಿನಲ್ಲಿ. ಡಿಲಿರಿಯಂ ಟ್ರೆಮೆನ್ಸ್ ಎಂಬ ಸ್ಥಿತಿ ಅದು, ಆಸ್ಪತ್ರೆಯಲ್ಲಿ ಡಿಟಿ ಎನ್ನುತ್ತಾರೆ. ಮನುಷ್ಯ ಎಲ್ಲಿದ್ದೇನೆಂದು ಮರೆಯುತ್ತಾನೆ, ಹೆಂಡತಿಯ ಗುರುತು ಹತ್ತುವುದಿಲ್ಲ. ಗೋಡೆಯ ಮೇಲೆ ಹುಳ ಹರಿದಂತೆ ಕಾಣುತ್ತದೆ. ಬಡಬಡಿಸುತ್ತಾನೆ, ಎದ್ದು ಓಡುತ್ತಾನೆ, ಮೈ ಬಿಸಿಯೇರುತ್ತದೆ. ಗಾಳಿ ಸೋಕಿದೆ ಎಂದು ಮಂತ್ರ ಹಾಕಿಸಲು ಓಡಾಡುತ್ತಾ ಕೂತರೆ ಅಮೂಲ್ಯ ಗಂಟೆಗಳು ಕಳೆದುಹೋಗುತ್ತವೆ. ಇದು 108ಕ್ಕೆ ಕರೆ ಮಾಡುವ ಹೊತ್ತು.

ಇದೇ ಮೂರನೆಯ ದಿನ ಇನ್ನೊಂದು ಕಡೆ ಕಾಡುತ್ತದೆ. ಬೈಕಿನಿಂದ ಬಿದ್ದು ಕಾಲು ಮುರಿದವರು ಆಸ್ಪತ್ರೆ ಸೇರಿರುತ್ತಾರೆ. ಎರಡು ದಿನ ಚೆನ್ನಾಗಿದ್ದು ಮೂರನೆಯ ದಿನ ಡ್ರಿಪ್ ಕಿತ್ತೊಗೆದು ಏನೇನೋ ಮಾತಾಡತೊಡಗುತ್ತಾರೆ. ಕುಡಿಯುವ ವಿಷಯವನ್ನು ಮನೆಯವರು ಮರ್ಯಾದೆಗಂಜಿ ಮುಚ್ಚಿಟ್ಟಿರುತ್ತಾರೆ. ದಯವಿಟ್ಟು ಮುಚ್ಚಿಡಬೇಡಿ. ದಿನಕ್ಕೆಷ್ಟು, ಕೊನೆಯ ಸಲ ಯಾವಾಗ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ, ಈ ಮೂರನ್ನು ದಾಖಲಾಗುವಾಗಲೇ ಹೇಳಿಬಿಡಿ.

ಫಿಟ್ಸ್ ಬಂದಾಗ ಕೈಗೆ ಕಬ್ಬಿಣ, ಬೀಗದ ಕೈ ಕೊಡುವುದರಿಂದ ಏನೂ ಆಗುವುದಿಲ್ಲ. ಬಾಯಿಗೆ ಚಮಚ ತುರುಕಬೇಡಿ, ನೀರು ಹಾಕಬೇಡಿ. ಒಂದು ಮಗ್ಗುಲಿಗೆ ಮಲಗಿಸಿ ಆಸ್ಪತ್ರೆಗೆ ಸಾಗಿಸಿ.

ಇನ್ನು ಚಿಕಿತ್ಸೆ. ಮದ್ಯ ಹಿಡಿದಿದ್ದ ಹಗ್ಗವನ್ನು ಒಂದು ಔಷಧಿಯ ಕೈಗೆ ಕೊಟ್ಟು, ನಿಧಾನವಾಗಿ ಸಡಿಲಿಸುವುದು ಇದರ ಗುಟ್ಟು. ಕ್ಲೋರ್‌ಡಯಾಜೆಪಾಕ್ಸೈಡ್, ಡಯಾಜೆಪಾಂ ಎಂಬ ಮಾತ್ರೆಗಳು ಗಾಬಾದ ಕಡೆಯೇ ನಿಂತು ಎಳೆಯುತ್ತವೆ. ಲಿವರ್ ಹಾಳಾಗಿದ್ದರೆ ಲೊರಾಜೆಪಾಂ ಕೊಡುತ್ತಾರೆ. ಮೊದಲ ಒಂದೆರಡು ದಿನ ಹೆಚ್ಚು, ಆಮೇಲೆ ದಿನೇ ದಿನೇ ಇಳಿಸಿ ವಾರ, ಹತ್ತು ದಿನದಲ್ಲಿ ನಿಲ್ಲಿಸುತ್ತಾರೆ. ಇವನ್ನು ಮೆಡಿಕಲ್ ಶಾಪಿನಿಂದ ತಂದು ನೀವೇ ನುಂಗಿಸಬೇಡಿ. ಮದ್ಯದ ಜೊತೆ ಸೇರಿದರೆ ಉಸಿರೇ ನಿಂತೀತು. ತಿಂಗಳುಗಟ್ಟಲೆ ನುಂಗಿದರೆ ಅದೇ ಚಟವಾದೀತು.

ಎರಡನೆಯದು ಥಯಮಿನ್, ಅಂದರೆ ಬಿ1 ವಿಟಮಿನ್. ಊಟ ಬಿಟ್ಟು ಕುಡಿಯುವವರಲ್ಲಿ ಇದು ಬತ್ತಿಹೋಗಿರುತ್ತದೆ. ಸುಸ್ತಾಗಿದ್ದಾನೆ, ಒಂದು ಗ್ಲೂಕೋಸ್ ಬಾಟಲಿ ಹಾಕಿ ಎಂದು ನಾವೆಲ್ಲ ಕೇಳುವುದುಂಟು. ಥಯಮಿನ್ ಇಲ್ಲದ ದೇಹಕ್ಕೆ ಬರೀ ಗ್ಲೂಕೋಸ್ ಹೋದರೆ ಉಳಿದಿರುವ ಚೂರೂ ಖರ್ಚಾಗಿ ಮಿದುಳಿಗೆ ಪೆಟ್ಟು ಬೀಳಬಹುದು. ಕಣ್ಣುಗುಡ್ಡೆ ಅಲುಗುವುದು, ನಡಿಗೆ ತಪ್ಪುವುದು, ಗೊಂದಲ ಇದರ ಲಕ್ಷಣ. ಜರ್ಮನಿಯ ವೈದ್ಯ ಕಾರ್ಲ್ ವೆರ್ನಿಕೆ 1881ರಲ್ಲೇ ಇದನ್ನು ವಿವರಿಸಿದ್ದರು. ಅದಕ್ಕೇ ಥಯಮಿನ್ ಇಂಜೆಕ್ಷನ್ ಗ್ಲೂಕೋಸ್‌ಗೆ ಮೊದಲು ಅಥವಾ ಅದರ ಜೊತೆಗೇ ಹೋಗಬೇಕು. ವೈದ್ಯರನ್ನು ಕೇಳಲು ಸಂಕೋಚ ಬೇಡ.

ಮನೆಯಲ್ಲೇ ಬಿಡಬಹುದೇ? ಹಿಂದೆ ಫಿಟ್ಸ್ ಅಥವಾ ಡಿಟಿ ಬಂದಿಲ್ಲ, ಬೇರೆ ದೊಡ್ಡ ಕಾಯಿಲೆಯಿಲ್ಲ, ಹಗಲೂ ರಾತ್ರಿ ನೋಡಿಕೊಳ್ಳುವವರಿದ್ದಾರೆ ಎಂದಾದರೆ ವೈದ್ಯರು ಮಾತ್ರೆ ಬರೆದುಕೊಟ್ಟು ಮನೆಗೆ ಕಳಿಸಬಹುದು. ಉಳಿದವರು ದಾಖಲಾಗುವುದೇ ಕ್ಷೇಮ.

ಕುಡಿತ ಬಿಡಿಸುವ ಪುಡಿ, ಊಟದಲ್ಲಿ ಗೊತ್ತಾಗದಂತೆ ಬೆರೆಸಿ ಎಂಬ ಜಾಹೀರಾತುಗಳ ಬಗ್ಗೆ ಗಟ್ಟಿಯಾಗಿಯೇ ಹೇಳುತ್ತೇನೆ, ಬೇಡ. ಡೈಸಲ್ಫಿರಾಂ ಎಂಬ ನಿಜವಾದ ಔಷಧಿಯೊಂದಿದೆ. ಅದನ್ನು ತೆಗೆದುಕೊಂಡು ಕುಡಿದರೆ ಅಸಿಟಾಲ್ಡಿಹೈಡ್ ಎಂಬ ವಿಷ ರಕ್ತದಲ್ಲಿ ಸೇರಿಕೊಂಡು ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಕುಸಿಯುತ್ತದೆ. ಕೊನೆಯ ಮಾತ್ರೆಯ ನಂತರ ಎರಡು ವಾರದವರೆಗೂ ಹೀಗಾಗಬಹುದು. ತಿಳಿದು, ಒಪ್ಪಿ ನುಂಗುವವರಿಗೆ ಅದು ನೆರವು. ಗುಟ್ಟಾಗಿ ಕೊಟ್ಟರೆ ಹೃದಯ ದುರ್ಬಲವಿದ್ದವರು ಸಾಯಬಹುದು. ಕುಡಿಯುವ ತವಕ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಮಾತ್ರೆಗಳೂ ಇವೆ. ಮೊದಲ ವಾರ ದಾಟಿದ ಮೇಲೆ ಇವುಗಳ ಬಗ್ಗೆ ವೈದ್ಯರ ಹತ್ತಿರ ಮಾತಾಡಿ.

ಖರ್ಚೆಷ್ಟು? ಕ್ಲೋರ್‌ಡಯಾಜೆಪಾಕ್ಸೈಡ್ ಮಾರುಕಟ್ಟೆಗೆ ಬಂದದ್ದು 1960ರಲ್ಲಿ. ಇಷ್ಟು ಹಳೆಯ ಔಷಧಿಗಳಿಗೆ ಪೇಟೆಂಟ್ ಇಲ್ಲ, ಬೆಲೆ ಕಡಿಮೆ. ದುಡ್ಡು ಹೋಗುವುದು ಖಾಸಗಿ ಕೇಂದ್ರಗಳ ಹಾಸಿಗೆಗೆ. ಮೊದಲು ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಿ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಶಿಬಿರ ಇರುತ್ತದೆ, ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲೇ ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು. 14446 ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ.

ಖಾಸಗಿ ಕೇಂದ್ರಕ್ಕೇ ಸೇರಿಸುವುದಾದರೆ ನೋಂದಣಿ ಪತ್ರ ನೋಡಿ. ಮನೋವೈದ್ಯರು ಎಷ್ಟು ದಿನಕ್ಕೊಮ್ಮೆ ಬರುತ್ತಾರೆ, ರಾತ್ರಿ ನರ್ಸ್ ಇರುತ್ತಾರೆಯೇ ಎಂದು ಕೇಳಿ. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ. ಹಾಗೆ ಕಟ್ಟುವ ಜಾಗದಿಂದ ಅವತ್ತೇ ಕರೆತನ್ನಿ. ಮದ್ಯವರ್ಜನ ಶಿಬಿರಗಳಿಗೆ ಹೋಗುವವರು ದಿನವೂ ಕುಡಿಯುವ ಪ್ರಮಾಣವನ್ನು, ಹಿಂದಿನ ಫಿಟ್ಸ್ ಇದ್ದರೆ ಅದನ್ನೂ ಸಂಘಟಕರಿಗೆ ಮುಂಚೆಯೇ ತಿಳಿಸಿ.

ಮತ್ತೆ ಕುಡಿಯಲು ಶುರುಮಾಡಿದರೆ? ಅನೇಕರಿಗೆ ಹಾಗಾಗುತ್ತದೆ. ಆಗ "ಹೋದ ಸಲ ಏನೂ ಆಗಲಿಲ್ಲ" ಎಂದುಕೊಂಡು ಮನೆಯಲ್ಲೇ ನಿಲ್ಲಿಸಲು ಹೋಗಬೇಡಿ. ಬಿಟ್ಟು ಹಿಡಿದು, ಬಿಟ್ಟು ಹಿಡಿದು ಮಾಡಿದಷ್ಟೂ ಮಿದುಳು ಮುಂದಿನ ಸಲ ಹೆಚ್ಚು ಕೆರಳುತ್ತದೆ. ಹಳೆಯ ಚೀಟಿ ಹಿಡಿದು ಅದೇ ವೈದ್ಯರ ಬಳಿಗೆ ಹೋಗಿ.