ಹಳೇ ಮಾರುತಿ 800 ತಗೋಬೇಕಾ, ಓಮ್ನಿನಾ? ಅಡ್ವಾನ್ಸ್ ಕೊಡೋ ಮುಂಚೆ ಇಷ್ಟು ನೋಡ್ಕೊಳ್ಳಿ

ತೀರ್ಥಹಳ್ಳಿ: ಅಡಿಕೆ ದುಡ್ಡು ಕೈಗೆ ಬರೋ ಹೊತ್ತಿಗೆ ಗ್ಯಾರೇಜ್‌ಗಳ ಮುಂದೆ ಒಂದೇ ಚರ್ಚೆ. ಕಡಿಮೆ ದುಡ್ಡಲ್ಲಿ ಹಳೇ ಗಾಡಿ ಬೇಕು, ಮಾರುತಿ 800 ವಾಸಿನಾ, ಓಮ್ನಿ ವಾಸಿನಾ?

ಎರಡರದ್ದೂ 796 ಸಿಸಿ, ಮೂರು ಸಿಲಿಂಡರ್ ಎಂಜಿನ್. 800 ರಸ್ತೆಗೆ ಬಂದಿದ್ದು 1983ರ ಡಿಸೆಂಬರ್‌ನಲ್ಲಿ. ಮರುವರ್ಷ 'ಮಾರುತಿ ವ್ಯಾನ್' ಹೆಸರಲ್ಲಿ ಬಂದಿದ್ದೇ ಆಮೇಲೆ ಓಮ್ನಿ ಆಯ್ತು. 800ರ ತಯಾರಿಕೆ 2014ಕ್ಕೆ, ಓಮ್ನಿಯದ್ದು 2019ಕ್ಕೆ ನಿಂತಿದೆ. ಹಾಗಾಗಿ ವರ್ಷದ ಲೆಕ್ಕದಲ್ಲಿ ಹೊಸ ಗಾಡಿ ಬೇಕಂದ್ರೆ ಓಮ್ನಿಯಲ್ಲೇ ಸಿಗೋದು.

ಎಂಜಿನ್ ಒಂದೇ ಆದ್ರೂ ಓಟ ಬೇರೆ. 800 ಹಗುರ. ಓಮ್ನಿ ಅದಕ್ಕಿಂತ ನೂರು ಕೆ.ಜಿ.ಗೂ ಹೆಚ್ಚು ಭಾರ, ಜೊತೆಗೆ ಡಬ್ಬಿಯಂಥ ಬಾಡಿ ಗಾಳಿಗೆ ಎದೆಕೊಟ್ಟು ನಿಲ್ಲುತ್ತೆ. ಶಿವಮೊಗ್ಗ ರಸ್ತೆಯಲ್ಲಿ 800 ಆರಾಮಾಗಿ ಹೋಗೋ ವೇಗಕ್ಕೆ ಓಮ್ನಿ ಕಿರುಚೋಕೆ ಶುರು ಮಾಡುತ್ತೆ. ಮೈಲೇಜಲ್ಲೂ 800 ಮುಂದೆ.

ಲೋಡ್ ವಿಷಯ ಬಂದ್ರೆ ಲೆಕ್ಕ ತಿರುಗುತ್ತೆ. 800ಗೆ ಮುಂದಿನ ಚಕ್ರ ಎಳೆಯುತ್ತೆ, ಓಮ್ನಿಗೆ ಹಿಂದಿನ ಚಕ್ರ ತಳ್ಳುತ್ತೆ. ಆಗುಂಬೆ ಘಾಟಿ ಹತ್ತುವಾಗ ಭಾರ ಹಿಂದಕ್ಕೆ ವಾಲುತ್ತಲ್ಲ, ಅದು ಓಮ್ನಿಗೆ ಅನುಕೂಲ. ಡಿಕ್ಕಿ ತುಂಬಿದ 800 ಆದ್ರೆ ಮುಂದಿನ ಹಿಡಿತ ಕಮ್ಮಿಯಾಗುತ್ತೆ. ಆದ್ರೆ ಮಳೆಗಾಲದಲ್ಲಿ ತೋಟದ ಕೆಸರು ರಸ್ತೆಗೆ ಖಾಲಿ ಓಮ್ನಿ ಇಳಿಸಿದ್ರೆ ಹಿಂಬದಿ ಜಾರೋದು ಗ್ಯಾರಂಟಿ. ಸಂದಿಯಲ್ಲಿ ನಿಲ್ಲಿಸಿ ಮಾಲು ಇಳಿಸೋರಿಗೆ ಪಕ್ಕಕ್ಕೆ ಸರಿಯೋ ಬಾಗಿಲು ದೊಡ್ಡ ಉಪಕಾರ. ಇದಕ್ಕೆ 800 ಹತ್ರ ಉತ್ತರವೇ ಇಲ್ಲ.

ಓಮ್ನಿ ಎಂಜಿನ್ ಇರೋದು ಮುಂದಿನ ಸೀಟಿನ ಕೆಳಗೆ. ಬೇಸಿಗೆಯಲ್ಲಿ ಕೂತೋರಿಗೆ ಬಿಸಿ ತಟ್ಟುತ್ತೆ. ಅದಕ್ಕಿಂತ ದೊಡ್ಡ ಮಾತೆಂದ್ರೆ, ಮುಂದೆ ಬಾನೆಟ್ ಇಲ್ಲ. ಎದುರಿಂದ ಗುದ್ದಿದ್ರೆ ಡ್ರೈವರ್ ಕಾಲಿಗೂ ತಗಡಿಗೂ ನಡುವೆ ಏನೂ ಇರಲ್ಲ. ಹೊಸ ಸುರಕ್ಷತಾ ನಿಯಮ ದಾಟೋಕಾಗದೇ ಓಮ್ನಿ ನಿಂತಿದ್ದು. 800 ಭದ್ರ ಅಂತಲೂ ಅಲ್ಲ, ಎರಡರಲ್ಲೂ ಏರ್‌ಬ್ಯಾಗ್ ಇಲ್ಲ. ದಿನಾ ಹೈವೇ ಓಡಿಸೋರು ಎರಡನ್ನೂ ಬಿಟ್ಟುಬಿಡೋದೇ ಒಳ್ಳೇದು.

ಓಮ್ನಿ ನೋಡೋಕೆ ಹೋದಾಗ ಗ್ಯಾಸ್ ಕಿಟ್ ಇದ್ಯಾ ಕೇಳಿ. ಇದ್ರೆ ಆರ್‌ಸಿಯಲ್ಲಿ ಎಲ್‌ಪಿಜಿ ಅಂತ ನಮೂದಾಗಿರಬೇಕು. ಅಡುಗೆ ಸಿಲಿಂಡರ್ ಕೂರಿಸಿ ಓಡಿಸಿದ ಗಾಡಿ ಅಂತ ಅನುಮಾನ ಬಂದ್ರೆ ರೇಟ್ ಎಷ್ಟೇ ಕಮ್ಮಿ ಇರಲಿ, ವಾಪಸ್ ಬನ್ನಿ. ಅದು ಕಾನೂನುಬಾಹಿರ, ಮನೆಮಂದಿ ಕೂತಾಗ ಲೀಕ್ ಆದ್ರೆ ಜೀವಕ್ಕೇ ಕುತ್ತು. ವೈಟ್ ಬೋರ್ಡ್ ಓಮ್ನಿಯಲ್ಲಿ ಬಾಡಿಗೆ ಹೊಡೆಯೋ ಹಾಗೂ ಇಲ್ಲ.

ತುಕ್ಕಿನ ವಿಷಯದಲ್ಲಿ ಮಲೆನಾಡಿನ ಗಾಡಿ ನಂಬೋಕಾಗಲ್ಲ. ಮ್ಯಾಟ್ ಎತ್ತಿ ಫ್ಲೋರ್ ನೋಡಿ, ಓಮ್ನಿ ಆದ್ರೆ ಬಾಗಿಲು ಓಡೋ ಹಳಿಯನ್ನೂ ನೋಡಿ. ಹೊಸ ಪೇಂಟ್ ಹೊಳೀತಿದ್ರೆ ಇನ್ನೂ ಹುಷಾರು.

ಕೊನೆಗೆ ಕಾಗದ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 600 ರೂಪಾಯಿ ಇದ್ದ ಈ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯ್ತು. ಗ್ರೀನ್ ಟ್ಯಾಕ್ಸ್ ಬೇರೆ. ಮೂವತ್ತು-ನಲವತ್ತು ಸಾವಿರದ ಗಾಡಿಗೆ ಇದು ಸಣ್ಣ ಮೊತ್ತವಲ್ಲ. ನವೀಕರಣ ಮಾಡಿಸಿ ಕೊಡೋದು ಯಾರು ಅನ್ನೋದನ್ನ ಅಡ್ವಾನ್ಸ್ ಕೊಡೋ ಮುಂಚೆಯೇ ಮಾತಾಡ್ಕೊಳ್ಳಿ. ಎಂ-ಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿದ್ರೆ ಆರ್‌ಸಿ ಯಾವತ್ತಿನವರೆಗೆ ಇದೆ, ಇನ್ಶೂರೆನ್ಸ್ ಇದ್ಯಾ ಅಂತ ಅಲ್ಲೇ ನಿಂತು ನೋಡಬಹುದು.