ಪೊಳಲಿಯ ಬಚ್ಚಂಗಾಯಿಯೂ ಜಠರಾಗ್ನಿಯೂ

ಪೊಳಲಿಯ ಚೆಂಡು ಎಂದೊಡನೆ ತುಳುನಾಡಿನವರಿಗೆ ಬಚ್ಚಂಗಾಯಿಯೂ ನೆನಪಾಗುತ್ತದೆ. ರಾಜರಾಜೇಶ್ವರಿಯ ಜಾತ್ರೆಗೆ ಹೋದವರು ಈ ಕಲ್ಲಂಗಡಿಯನ್ನು ಕೊಳ್ಳದೆ ಹಿಂದಿರುಗುವುದು ಅಪರೂಪ. ಬೀಜ ನುಂಗಿದರೆ ಹೊಟ್ಟೆಯಲ್ಲಿ ಬಳ್ಳಿ ಹಬ್ಬೀತೆಂದು ಮಕ್ಕಳನ್ನು ಬೆದರಿಸುವುದೂ ಉಂಟು. ಬಳ್ಳಿಯೂ ಹಬ್ಬದು, ಬೀಜವೂ ಕರಗದು. ಗಟ್ಟಿ ಸಿಪ್ಪೆಯೊಳಗೆ ಇದ್ದ ಹಾಗೆಯೇ ಹೊರಬೀಳುತ್ತದೆ. ಅದನ್ನು ಸುಡುವ ಬೆಂಕಿ ನಮ್ಮೊಳಗಿಲ್ಲ.

ಜಠರಾಗ್ನಿ ಎಂಬ ಮಾತು ಕನ್ನಡ ಅಧ್ಯಾಪಕನಾದ ನನಗೆ ಪ್ರಿಯವೇ. ಆದರೆ ನಡೆಯುವುದು ಬೇರೆ. ಕುಚ್ಚಲಕ್ಕಿ ಗಂಜಿಯ ಪಿಷ್ಟ ಬಾಯಿಯ ಜೊಲ್ಲಿನಲ್ಲಿಯೇ ಒಡೆಯತೊಡಗುತ್ತದೆ. ಜಠರದ ಆಮ್ಲರಸ ಮೀನು, ಬೇಳೆಗಳ ಪ್ರೋಟೀನಿಗೆ ಕೈಹಾಕುತ್ತದೆ. ಮುಂದೆ ಸುಮಾರು 6 ಮೀಟರ್ ಉದ್ದದ ಸಣ್ಣ ಕರುಳು. ಅಲ್ಲಿ ಪಿತ್ತರಸ ಜಿಡ್ಡನ್ನು ಹನಿಹನಿಯಾಗಿ ಚೆದುರಿಸಿದರೆ, ಮೇದೋಜೀರಕದ ರಸ ಉಳಿದುದನ್ನೆಲ್ಲ ಒಡೆಯುತ್ತದೆ. ಒಂದೊಂದು ಬೆಸುಗೆ ಬಿಡುವಾಗಲೂ ನೀರಿನ ಒಂದು ಅಣು ವೆಚ್ಚವಾಗುತ್ತದೆ. ಇದು ಬೆಂಕಿಯ ಕೆಲಸವಲ್ಲ, ನೀರಿನ ಕೆಲಸ! ‘ತಿಂದುದು ಕರಗಿತು’ ಎಂಬ ಮನೆಮಾತೇ ನಿಜಕ್ಕೆ ಹತ್ತಿರ.

ಇದು ಬರಿಯ ಶಬ್ದಜಿಜ್ಞಾಸೆಯಲ್ಲ. ಭೇದಿ ಹತ್ತಿದ ಮಗುವಿಗೆ ಅಗ್ನಿ ಕೆಟ್ಟಿದೆಯೆಂದು ನೀರನ್ನೇ ತಡೆಯುವವರನ್ನು ನಾನು ಕಂಡಿದ್ದೇನೆ. ಕರುಳಿನ ಗೋಡೆಯನ್ನು ಸಕ್ಕರೆಯೂ ಉಪ್ಪೂ ಜೊತೆಯಾಗಿ ದಾಟುತ್ತವೆ. ಅವುಗಳ ಬೆನ್ನಿಗೇ ನೀರು ಒಳಸೇರುತ್ತದೆ. ಓ.ಆರ್.ಎಸ್. ದ್ರಾವಣದ ಗುಟ್ಟು ಇಷ್ಟೇ. ಅದು ಕೈಗೆ ಸಿಗುವ ತನಕ ಉಪ್ಪು ಬೆರೆಸಿದ ಗಂಜಿತಿಳಿಯೂ ಆದೀತು; ಅದರ ಪಿಷ್ಟ ಕರುಳಿನಲ್ಲಿ ಸಕ್ಕರೆಯೇ ಆಗುತ್ತದೆ.